ಅಂಬಾಸಿಡರ್‌ಗೆ ಸೆಲ್ಫ್ ಹುಡುಕಿದ್ದು

ಸಂಕ್ರಾಂತಿಯ ಹಿಂದಿನ ವಾರ, ಬೆಳಿಗ್ಗೆ ಆರೂವರೆ. ಡ್ಯಾಶ್‌ಬೋರ್ಡಿನ ಸ್ಟಾರ್ಟರ್ ನಾಬ್ ಎಳೆದೆ. ‘ಟಣ್’ ಅಂತ ಒಂದು ಸದ್ದು. ಹಿಂದೆಯೇ ‘ಝುಂಯ್’ ಅಂತ ಖಾಲಿ ತಿರುಗುವ ಸದ್ದು. ಇಂಜಿನ್ ಅಲ್ಲಾಡಲೇ ಇಲ್ಲ. ಇನ್ನೊಂದು ಸಲ ಎಳೆದೆ. ಈ ಸಲ ಯಾರೋ ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ ‘ಕರ್ರ್’ ಅಂದಿತು. ಅಪ್ಪ ಕಾಫಿ ಲೋಟ ಹಿಡಿದೇ ಹೊರಗೆ ಬಂದರು. “ಸೆಲ್ಫ್ ಹೋಗಿದೆ ಕಣೋ. ಹ್ಯಾಂಡಲ್ ತಗೊಂಡ್ ಬಾ” ಅಂದರು.

ಗಾಡಿ 1969ರ ಅಂಬಾಸಿಡರ್, ಮಾರ್ಕ್ 2. ತಾತ ಕೊಂಡಿದ್ದು. ನಂಬರ್ ಪ್ಲೇಟ್ ಇನ್ನೂ ಮೈಸೂರು ರಾಜ್ಯದ ಕಾಲದ ‘ಎಂವೈ’. ತುಮಕೂರಿನಲ್ಲಿ, ಕ್ಯಾತ್ಸಂದ್ರದ ಹತ್ತಿರ ನಮ್ಮ ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಹನ್ನೊಂದು ವರ್ಷ ಸುಮ್ನೆ ನಿಂತಿತ್ತು. ಹೋದ ವರ್ಷ ಬ್ರೇಕ್, ಕಾರ್ಬ್ಯುರೇಟರ್, ಪೆಟ್ರೋಲ್ ಟ್ಯಾಂಕ್ ಎಲ್ಲ ಬಿಚ್ಚಿ ಸರಿ ಮಾಡಿಕೊಂಡಿದ್ದೆವು. ಸೆಲ್ಫ್ ಕಡೆ ಮಾತ್ರ ಯಾರೂ ಕೈ ಹಾಕಿರಲಿಲ್ಲ. ಅಂದರೆ, ಒಂದು ಸಲ ನಾನು ಹಾಕಿದ್ದೆ. ಅದರ ಕಥೆ ಮುಂದೆ ಬರುತ್ತದೆ.

ಇಂಜಿನ್ನನ್ನು ಮೊದಲು ತಿರುಗಿಸಿ ಹತ್ತಿಸುವ ಮೋಟರಿಗೆ ಸ್ಟಾರ್ಟರ್ ಮೋಟರ್ ಅಂದರೆ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಯಾರೂ ತಲೆ ಎತ್ತುವುದಿಲ್ಲ. ಸೆಲ್ಫ್ ಅನ್ನಬೇಕು. ಇವತ್ತಿನ ಗಾಡಿಗಳ ಸೆಲ್ಫಿಗೂ ಇದರ ಸೆಲ್ಫಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಈಗಿನವುಗಳಲ್ಲಿ ಮೋಟರಿನ ಬೆನ್ನ ಮೇಲೆ ಒಂದು ಸೊಲೆನಾಯ್ಡ್, ಅಂದರೆ ಕರೆಂಟ್ ಕೊಟ್ಟರೆ ಎಳೆಯುವ ಆಯಸ್ಕಾಂತ, ಕೂತಿರುತ್ತದೆ. ಅದು ಮೊದಲು ಸಣ್ಣ ಹಲ್ಲಿನ ಚಕ್ರವನ್ನು, ಅಂದರೆ ಪಿನಿಯನ್ನನ್ನು, ಇಂಜಿನ್ ಹಿಂದಿನ ಭಾರದ ಚಕ್ರದ, ಅಂದರೆ ಫ್ಲೈವೀಲಿನ, ಅಂಚಿನ ರಿಂಗ್ ಹಲ್ಲಿಗೆ ತಳ್ಳುತ್ತದೆ. ಆಮೇಲೆ ಮೋಟರ್ ತಿರುಗುತ್ತದೆ. ನಮ್ಮದರಲ್ಲಿ ಆ ನಯ ಇಲ್ಲ. ಶಾಫ್ಟಿನ ಮೇಲೆ ದಪ್ಪ ಮರೆ (ಸ್ಕ್ರೂವಿನಲ್ಲಿರುವಂಥ ಸುತ್ತುಗೀರು) ಇರುವ ಒಂದು ಸ್ಲೀವ್, ಅದರ ಮೇಲೆ ಸಡಿಲವಾಗಿ ಕೂತ ಪಿನಿಯನ್. ಮೋಟರ್ ಒಮ್ಮೆಲೇ ತಿರುಗಿದಾಗ ಭಾರದ ಪಿನಿಯನ್ ಹಿಂದೆ ಉಳಿಯುತ್ತದೆ. ಹಾಗಾಗಿ ಮರೆಯ ಮೇಲೆ ಜಾರಿ ಹೋಗಿ ರಿಂಗಿಗೆ ಢಿಕ್ಕಿ ಹೊಡೆದು ಕಚ್ಚಿಕೊಳ್ಳುತ್ತದೆ. ಬೋಲ್ಟನ್ನು ಗಬಕ್ಕನೆ ತಿರುಗಿಸಿದರೆ ನಟ್ ತಾನೇ ಓಡುತ್ತದಲ್ಲ, ಅದೇ ಲೆಕ್ಕ. ಇಂಜಿನ್ ಹತ್ತಿಕೊಂಡ ಕೂಡಲೇ ರಿಂಗ್ ಪಿನಿಯನ್ನಿಗಿಂತ ಜೋರಾಗಿ ಓಡಿ ಅದನ್ನು ವಾಪಸ್ ಒದೆಯುತ್ತದೆ. ಮೆಕ್ಯಾನಿಕ್‌ಗಳು ಈ ಜೋಡಣೆಗೆ ಬೆಂಡಿಕ್ಸ್ ಅನ್ನುತ್ತಾರೆ.

ಮೋಟರ್ ತಿರುಗಿ ಪಿನಿಯನ್ ಹೋಗದಿದ್ದರೆ ಸಾಮಾನ್ಯವಾಗಿ ಸ್ಲೀವ್ ಮೇಲೆ ಕೊಳೆ ಕೂತಿದೆ ಅಂತ ಅರ್ಥ. ನಾನು ಮೊದಲು ಬ್ಯಾಟರಿ ಕಳಚಿದೆ. ಇಲ್ಲಿ ಒಂದು ಎಚ್ಚರಿಕೆ. ಹಳೆ ಬ್ರಿಟಿಷ್ ಗಾಡಿಗಳ ಹಾಗೆ ನಮ್ಮದರಲ್ಲೂ ಗಾಡಿಯ ಕಬ್ಬಿಣದ ಬಾಡಿಗೆ ಜೋಡಿಸಿರುವುದು ಬ್ಯಾಟರಿಯ ಪಾಸಿಟಿವ್, ಅಂದರೆ ಪಾಸಿಟಿವ್ ಅರ್ಥ್. ‘ಮೊದಲು ಮೈನಸ್ ಬಿಚ್ಚು’ ಅಂತ ಕೈಗೆ ಅಭ್ಯಾಸವಾಗಿರುತ್ತದೆ. ಇಲ್ಲಿ ಹಾಗೆ ಮಾಡಿ ಸ್ಪ್ಯಾನರ್ ಬಾಡಿಗೆ ತಾಗಿದರೆ ದೀಪಾವಳಿ. ಬಾಡಿಗೆ ಹೋಗುವ ತಂತಿ ಯಾವುದೋ ಅದನ್ನೇ ಮೊದಲು ಬಿಚ್ಚಬೇಕು.

ಮೋಟರ್ ಇಂಜಿನ್ನಿನ ಬಲಗಡೆ ಕೆಳಗೆ, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಕಡೆ ಮಲಗಿದೆ. ಹಿಡಿದಿರುವುದು ಎರಡೇ ಬೋಲ್ಟ್. ಮೇಲಿನದು ಐದು ನಿಮಿಷ, ಕೆಳಗಿನದು ಒಂದೂವರೆ ಗಂಟೆ. ಹೊರಗೆ ತೆಗೆದು ನೋಡಿದರೆ ಸ್ಲೀವ್ ತುಂಬ ಕಪ್ಪು ಹಲ್ವ. ಹೋದ ವರ್ಷ ಯಾರೋ ಪುಣ್ಯಾತ್ಮ ಅದಕ್ಕೆ ಕೈತುಂಬ ಗ್ರೀಸ್ ಹಚ್ಚಿದ್ದ. ಕ್ಲಚ್ಚಿನ ಧೂಳೆಲ್ಲ ಅದಕ್ಕೆ ಅಂಟಿಕೊಂಡು ಗಟ್ಟಿಯಾಗಿತ್ತು. ಆ ಪುಣ್ಯಾತ್ಮ ನಾನೇ. ಬೆಂಡಿಕ್ಸಿಗೆ ಗ್ರೀಸೂ ಹಾಕಬಾರದು, ಆಯಿಲೂ ಹಾಕಬಾರದು. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಹಾಗೇ ಬಿಡಬೇಕು.

ತೊಳೆದು ಹಾಕಿದೆ. ಪಿನಿಯನ್ ಈಗ ಟಕ್ಕನೆ ಹೋಗಿ ಕಚ್ಚಿತು. ಆದರೆ ಮೋಟರಿಗೆ ಶಕ್ತಿಯೇ ಇಲ್ಲ. ‘ಉಂ… ಉಂ…’ ಅಂತ ಎರಡು ಸುತ್ತು ನರಳಿ ನಿಂತಿತು. ಹೆಡ್‌ಲೈಟ್ ಕಣ್ಣು ಮುಚ್ಚಿತು. ಬ್ಯಾಟರಿ ಹೊಸದು, ಆರು ತಿಂಗಳೂ ಆಗಿಲ್ಲ.

ಮತ್ತೆ ಬಿಚ್ಚು. ಕೆಳಗಿನ ಬೋಲ್ಟ್ ಈ ಸಲ ಇಪ್ಪತ್ತು ನಿಮಿಷ.

ಶಿರಾ ಗೇಟ್ ಕಡೆ ಒಬ್ಬ ಹಳೇ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಎಲ್ಲರೂ ಭಾಯ್ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರು ಮೋಟರನ್ನು ಬೆಂಚಿನ ಮೇಲೆ ಇಟ್ಟು, ಶಾಫ್ಟ್ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರು. ಕೊಳೆತ ಹಲ್ಲಿನ ಹಾಗೆ ಆಡಿತು. “ಬುಷ್ ಹೋಗಿದೆ ಸರ್. ಒಳಗೆ ಆರ್ಮೇಚರ್ ಉಜ್ಜಿರುತ್ತೆ ನೋಡಿ.” ಬುಷ್ ಅಂದರೆ ಶಾಫ್ಟಿನ ತುದಿ ಕೂತು ತಿರುಗುವ ಬಳೆ. ಬಿಚ್ಚಿದಾಗ ಅವರು ಹೇಳಿದಂತೆಯೇ ಇತ್ತು. ಆರ್ಮೇಚರಿನ, ಅಂದರೆ ಒಳಗೆ ತಿರುಗುವ ತಂತಿ ಸುತ್ತಿದ ಉರುಳೆಯ, ಒಂದು ಮಗ್ಗುಲು ಕನ್ನಡಿಯಂತೆ ಹೊಳೆಯುತ್ತಿತ್ತು. ಒಳಗಿನ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಆದ ಹೊಳಪು. ಅದಕ್ಕೆ ಕರೆಂಟ್ ಕೊಡುವ ತುದಿಯ, ಅಂದರೆ ಕಮ್ಯುಟೇಟರಿನ, ಒಂದು ತಾಮ್ರದ ಪಟ್ಟಿ ಎದ್ದು ನಿಂತಿತ್ತು. ಅದರ ಬೆಸುಗೆ ಕರಗಿ ಹೊರಗೆ ಸಿಡಿದಿತ್ತು. ಭಾಯ್ ಆರ್ಮೇಚರನ್ನು ಗ್ರೋಲರ್ ಅನ್ನುವ ಪರೀಕ್ಷೆಯ ಉಪಕರಣದ ಮೇಲೆ ಇಟ್ಟು, ಮೇಲೆ ಹ್ಯಾಕ್ಸಾ ಬ್ಲೇಡ್ ಹಿಡಿದು ಸುತ್ತಿಸಿದರು. ಒಂದು ಕಡೆ ಬ್ಲೇಡ್ ‘ಗ್ರ್ರ್’ ಅಂತ ಅದುರಿತು. ಒಳಗೆ ಶಾರ್ಟ್. “ವೈಂಡಿಂಗ್ ಮಾಡಿ ಕೊಡ್ತೀನಿ, ಆದ್ರೆ ಗ್ಯಾರಂಟಿ ಕೇಳಬೇಡಿ. ಬೇರೆ ಸೆಲ್ಫ್ ನೋಡ್ಕೊಳಿ” ಅಂದರು.

ಬೇರೆ ಸೆಲ್ಫ್ ತಾನೇ, ಅಂಬಾಸಿಡರಿನದು, ಎಲ್ಲಿ ಬೇಕಾದರೂ ಸಿಗುತ್ತದೆ ಅಂದುಕೊಂಡೆ. ಇಡೀ ಕಥೆಯಲ್ಲಿ ನಾನು ಮಾಡಿದ ತಪ್ಪು ಅದೊಂದೇ. ಆದರೆ ಅದನ್ನೇ ಮೂರು ಸಲ ಮಾಡಿದೆ.

ಬೆಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿ “ಅಂಬಾಸಿಡರ್ ಪೆಟ್ರೋಲ್, ಸೆಲ್ಫ್ ಇದೆಯಾ” ಅಂತ ಕೇಳಿದೆ. ಇದೆ ಅಂದರು. 2,800 ರೂಪಾಯಿ ಕಳಿಸಿದೆ. ಬಸ್ಸಿನಲ್ಲಿ ಪಾರ್ಸಲ್ ಬಂತು. ಡಬ್ಬಿ ಬಿಚ್ಚಿದಾಗ ಒಳಗಿದ್ದದ್ದು ಬೆನ್ನ ಮೇಲೆ ಸೊಲೆನಾಯ್ಡ್ ಇರುವ ಮೋಟರ್. ಬೋಲ್ಟಿನ ತೂತುಗಳೇ ಕೂಡಲಿಲ್ಲ. ಅದು 1800 ಐಎಸ್‌ಝಡ್ ಗಾಡಿಯದು. ಅಂದರೆ 90ರ ದಶಕದಲ್ಲಿ ಇಸುಝು ಇಂಜಿನ್ ಕೂರಿಸಿ ಬಿಟ್ಟ ಅಂಬಾಸಿಡರಿನದು. ವಾಪಸ್ ತೆಗೆದುಕೊಳ್ಳುವುದಿಲ್ಲ ಅಂದರು. ಅವರ ಮಾತಲ್ಲೂ ಸುಳ್ಳಿಲ್ಲ. ಅದೂ ಅಂಬಾಸಿಡರೇ, ಅದೂ ಪೆಟ್ರೋಲೇ.

ಆಗ ಕೂತು ಯೋಚನೆ ಮಾಡಿದೆ. ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಅನ್ನುವ ಇಂಗ್ಲಿಷ್ ಗಾಡಿಯ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟರ್ಸಿನವರು ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ 50ರ ದಶಕದ ಕೊನೆಯಿಂದ 2014ರವರೆಗೆ ಈ ಗಾಡಿ ಮಾಡಿದರು. ಹೊರಗಿನಿಂದ ನೋಡಿದರೆ ಅದೇ ಗುಂಡು ಬೆನ್ನು, ಅದೇ ಉಬ್ಬು ಬಾನೆಟ್. ಹೊಟ್ಟೆಯೊಳಗೆ ಮಾತ್ರ ಬೇರೆ ಬೇರೆ. ನಮ್ಮದರಲ್ಲಿ 1489 ಸಿಸಿ ಪೆಟ್ರೋಲ್, ಬಿಎಂಸಿ ಬಿ-ಸೀರೀಸ್ ಜಾತಿಯದು. ಆಮೇಲೆ ಡೀಸೆಲ್ ಬಂತು. ಆಮೇಲೆ ಇಸುಝು ಬಂತು. ಇದರ ಮೇಲೆ ನಮ್ಮ ಟ್ಯಾಕ್ಸಿಯವರು ತಮಗೆ ಬೇಕಾದ ಇಂಜಿನ್ ಇಳಿಸಿ ಬೇರೆ ಲೆಕ್ಕ ಶುರು ಮಾಡಿದ್ದರು. ‘ಅಂಬಾಸಿಡರ್ ಸೆಲ್ಫ್’ ಅಂತ ಕೇಳುವುದು ಜಾತ್ರೆಯಲ್ಲಿ ‘ಮಂಜ’ ಅಂತ ಕೂಗಿದ ಹಾಗೆ.

ಇಷ್ಟು ಗೊತ್ತಾದ ಮೇಲೂ ಎರಡನೇ ಸಲ ಮೋಸ ಹೋದೆ. ಊರಾಚೆಯ ಒಂದು ಗುಜರಿಯಲ್ಲಿ “ಹಳೇ ಅಂಬಾಸಿಡರಿಂದೇ ಬಿಚ್ಚಿದ್ದು ಸ್ವಾಮಿ, ಕಣ್ಣಾರೆ ನೋಡಿದೀನಿ” ಅಂದರು. 1,500 ರೂಪಾಯಿ. ಎತ್ತಿದಾಗಲೇ ಸಂಶಯ ಬರಬೇಕಿತ್ತು, ಅಷ್ಟು ಭಾರ. ಮನೆಗೆ ತಂದು ಪಕ್ಕಪಕ್ಕ ಇಟ್ಟರೆ ಅಣ್ಣ ತಮ್ಮನ ಹಾಗೆ. ಡೀಸೆಲ್ ಗಾಡಿಯ ಮೋಟರ್. ಡೀಸೆಲ್ ಇಂಜಿನ್ನಿನ ಒತ್ತಡ ಜಾಸ್ತಿ, ತಿರುಗಿಸಲು ಬಲ ಬೇಕು, ಅದಕ್ಕೆ ಮೋಟರೂ ದಪ್ಪ. ನಮ್ಮ ತೂತಿನೊಳಗೆ ಅದರ ಮೂತಿಯೇ ಇಳಿಯಲಿಲ್ಲ. ಅಪ್ಪ ಏನೂ ಅನ್ನಲಿಲ್ಲ. ಪೇಪರ್ ಓದುತ್ತಾ ಸ್ವಲ್ಪ ನಕ್ಕರು, ಅಷ್ಟೇ.

ನಡುವೆ ಸೋದರಮಾವ ಬಂದರು. ಅವರದು ಯಾವಾಗಲೂ ಸುಲಭದ ದಾರಿ. “ಈಗಿನ ಸಣ್ಣ ಗೇರ್ ಮೋಟರ್ ಹಾಕ್ಸು. ಅರ್ಧ ತೂಕ, ಡಬಲ್ ಶಕ್ತಿ. ಒಂದು ಅಡಾಪ್ಟರ್ ಪ್ಲೇಟ್ ಲೇತಲ್ಲಿ ಮಾಡಿಸಿದ್ರೆ ಆಯ್ತು” ಅಂದರು. ಮಾತು ತಪ್ಪಲ್ಲ. ಆದರೆ ಅದರಲ್ಲಿ ಒಂದು ಗುಂಡಿ ಇದೆ, ಅದು ನನಗೂ ಆಮೇಲೆ ಹೊಳೆದದ್ದು.

ಭಾಯ್ ಅಂಗಡಿಯಲ್ಲಿ ಈ ಮಾತು ಬಂದಾಗ ಅವರ ಹುಡುಗ “ನಿಮ್ಮದು ಪಾಸಿಟಿವ್ ಅರ್ಥ್ ಅಲ್ವಾ ಸರ್, ಯಾವ ಮೋಟರ್ ಹಾಕಿದ್ರೂ ಉಲ್ಟಾ ತಿರುಗುತ್ತೆ” ಅಂದ. ಭಾಯ್ ಮಾತಾಡದೆ ನಮ್ಮ ಹಳೇ ಮಾದರಿಯದೇ ಇನ್ನೊಂದು ಸೆಲ್ಫ್ ಎತ್ತಿಕೊಂಡರು. ವೈಸಿಗೆ ಕಚ್ಚಿಸಿ ಜಂಪರ್ ಕೇಬಲ್ ಮುಟ್ಟಿಸಿದರು. ಪಿನಿಯನ್ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿತು. ಕೇಬಲ್ ಅದಲು ಬದಲು ಮಾಡಿ ಮುಟ್ಟಿಸಿದರು. ಮತ್ತೆ ಅದೇ ದಿಕ್ಕು! ಹುಡುಗ ಬಾಯಿ ಬಿಟ್ಟ. ಈ ಮೋಟರಿನಲ್ಲಿ ಹೊರಗಿನ ಫೀಲ್ಡ್ ಕಾಯಿಲಿಗೂ ಒಳಗಿನ ಆರ್ಮೇಚರಿಗೂ ಹರಿಯುವುದು ಒಂದೇ ಕರೆಂಟು. ಕೇಬಲ್ ಬದಲಿಸಿದರೆ ಎರಡರ ಉತ್ತರ ದಕ್ಷಿಣವೂ ಒಟ್ಟಿಗೆ ಬದಲಾಗುತ್ತದೆ. ಎಳೆತ ಮೊದಲಿನ ದಿಕ್ಕಿಗೇ ಉಳಿಯುತ್ತದೆ. ಆದರೆ ಈಗಿನ ಸಣ್ಣ ಮೋಟರುಗಳು ಬಹಳಷ್ಟರಲ್ಲಿ ಫೀಲ್ಡ್ ಕಾಯಿಲ್ ಇಲ್ಲ, ಆಯಸ್ಕಾಂತ ಅಂಟಿಸಿರುತ್ತಾರೆ. ಆಯಸ್ಕಾಂತ ಬದಲಾಗುವುದಿಲ್ಲ, ಆರ್ಮೇಚರ್ ಮಾತ್ರ ಬದಲಾಗುತ್ತದೆ. ಆಗ ನಿಜವಾಗಿಯೂ ಉಲ್ಟಾ. ಅಂದರೆ ಹುಡುಗ ಹೇಳಿದ್ದು ಅರ್ಧ ಸರಿ. ಮಾವ ಹೇಳಿದ ಮೋಟರ್ ಹಾಕಬೇಕಾದರೆ ಇಡೀ ಗಾಡಿಯ ಅರ್ಥ್ ಬದಲಿಸಬೇಕು. ಡೈನಮೋ, ಅಮ್ಮೀಟರ್, ಇಗ್ನಿಷನ್ ಕಾಯಿಲ್ ಎಲ್ಲ ನೋಡಬೇಕು. ಆಗದ ಕೆಲಸವೇನಲ್ಲ, ಬಹಳ ಜನ ಮಾಡಿಸಿದ್ದಾರೆ. ನನಗೆ ಬೇಡವಾಗಿತ್ತು. ಆ ‘ಟಣ್’ ಅನ್ನುವ ಸದ್ದು ಇಲ್ಲದಿದ್ದರೆ ಅದು ತಾತನ ಗಾಡಿ ಅನ್ನಿಸುವುದಿಲ್ಲ.

ಸರಿ, ಹೆಸರಿನ ಮೇಲೆ ಕೇಳುವುದನ್ನು ಬಿಟ್ಟೆ. ಅಳತೆ ತೆಗೆಯಲು ಕೂತೆ. ಹಳೇ ಮೋಟರಿನ ಮೈಯನ್ನು ವೈರ್ ಬ್ರಷ್‌ನಲ್ಲಿ ಉಜ್ಜಿದಾಗ ಲ್ಯೂಕಾಸ್ ಅಂತ ಕಂಡಿತು, ಅದರ ಹಿಂದೆ ಎಂ35ಜಿ. ಈ 35 ಅನ್ನುವುದು ಮೋಟರಿನ ಮೈಯ ಅಡ್ಡಳತೆ, ಮೂರೂವರೆ ಇಂಚು. ಮೆಟ್ರಿಕ್ ಬರುವ ಮುಂಚಿನ ಲೆಕ್ಕ. ಬೋಲ್ಟ್ ತೂತುಗಳ ನಡುವಿನ ದೂರ, ಮೂತಿಯ ಅಡ್ಡಳತೆ, ಮೂತಿಯಿಂದ ಪಿನಿಯನ್ ಅಂಚಿಗೆ ಎಷ್ಟು ದೂರ, ಪಿನಿಯನ್ ಮೋಟರಿನ ಕಡೆಗೆ ಜಾರುತ್ತದೋ ಅದರಿಂದ ಆಚೆಗೋ, ಎಲ್ಲ ವರ್ನಿಯರ್ ಹಿಡಿದು ಬರೆದುಕೊಂಡೆ. ಪಿನಿಯನ್ನಿನ ಹಲ್ಲು ಒಂಬತ್ತು.

ಇನ್ನು ರಿಂಗಿನ ಹಲ್ಲು ಎಣಿಸಬೇಕು. ಗೇರ್‌ಬಾಕ್ಸ್ ಇಳಿಸಿದರೆ ಸುಲಭ. ಇಳಿಸುವ ಮನಸ್ಸಿಲ್ಲ. ಮೋಟರ್ ತೆಗೆದ ತೂತಿನಲ್ಲಿ ನಾಲ್ಕೈದು ಹಲ್ಲು ಕಾಣುತ್ತದೆ, ಅಲ್ಲಿಂದಲೇ ಎಣಿಸಬೇಕು. ನಾಲ್ಕೂ ಪ್ಲಗ್ ಬಿಚ್ಚಿ ಇಂಜಿನ್ ಹಗುರ ಮಾಡಿದೆವು. ಅಪ್ಪ ಮುಂದೆ ಹ್ಯಾಂಡಲ್ ಹಿಡಿದು ನಿಧಾನ ತಿರುಗಿಸಬೇಕು, ನಾನು ಗಾಡಿ ಕೆಳಗೆ ಮಲಗಿ ಟಾರ್ಚ್ ಬಿಟ್ಟು ಎಣಿಸಬೇಕು. ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿದೆ. ಮೊದಲ ಸುತ್ತು 121 ಬಂತು. ಎರಡನೇ ಸುತ್ತು 118. ಮಧ್ಯದಲ್ಲಿ ಪಕ್ಕದ ಮನೆಯವರು ಬಂದು “ಏನ್ ಮಾಡ್ತಿದೀರಿ ಸಾರ್” ಅಂತ ಅಪ್ಪನನ್ನು ಮಾತಾಡಿಸಿದರು, ಅಪ್ಪ ಮಾತಾಡುತ್ತಾ ಎರಡು ಹಲ್ಲು ಮುಂದೆ ತಿರುಗಿಸಿದ್ದರು. ಮೂರನೇ ಸಲ ಹತ್ತಕ್ಕೊಂದು ಸುಣ್ಣದ ಗೆರೆ ಹಾಕುತ್ತಾ ಹೋದೆ. ಹನ್ನೆರಡು ಗೆರೆ, ಕೊನೆಯದಕ್ಕೆ ಸರಿಯಾಗಿ ಮೊದಲಿನ ಗುರುತು ಬಂತು. 120. ಇನ್ನೊಂದು ಸಲ ಮಾಡಿದೆವು, ಅಷ್ಟೇ. 120ನ್ನು ಒಂಬತ್ತರಿಂದ ಭಾಗಿಸಿದರೆ ಹದಿಮೂರು ಚಿಲ್ಲರೆ. ಮೋಟರ್ ಹದಿಮೂರು ಸುತ್ತು ಹಾಕಿದರೆ ಇಂಜಿನ್ ಒಂದು ಸುತ್ತು.

ಎಣಿಸುವಾಗ ಇನ್ನೊಂದು ಕಂಡಿತು. ರಿಂಗಿನ ಹಲ್ಲು ಎರಡು ಕಡೆ ಮಾತ್ರ ಸವೆದಿತ್ತು, ಎದುರುಬದುರು. ನಾಲ್ಕು ಸಿಲಿಂಡರಿನ ಇಂಜಿನ್ ಆಫ್ ಆದಾಗ ಹೆಚ್ಚುಕಡಿಮೆ ಅದೇ ಎರಡು ಜಾಗದಲ್ಲಿ ನಿಲ್ಲುತ್ತದೆ. ಹಾಗಾಗಿ ಐವತ್ತು ವರ್ಷ ಪಿನಿಯನ್ ಬಡಿದದ್ದೆಲ್ಲ ಅಲ್ಲೇ. ಸವೆತ ಇನ್ನೂ ಅಂಚಿನಲ್ಲೇ ಇತ್ತು, ಬಿಟ್ಟೆ. ಮುಂದೆ ಕ್ಲಚ್ ಪ್ಲೇಟಿಗೆ ಗೇರ್‌ಬಾಕ್ಸ್ ಇಳಿಸಿದಾಗ ರಿಂಗನ್ನು ಕಾಯಿಸಿ ಕಾಲು ಸುತ್ತು ತಿರುಗಿಸಿ ಕೂರಿಸಬೇಕು.

ಅಳತೆಯ ಚೀಟಿ ಹಿಡಿದು ಬೆಂಗಳೂರಿನ ಶಿವಾಜಿನಗರಕ್ಕೆ ಹೋದೆ. ಹಳೇ ಗಾಡಿ ಸಾಮಾನಿನ ಗಲ್ಲಿಗಳಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಲೆದೆ. ಒಂದು ರಾಶಿಯ ತಳದಲ್ಲಿ ಸಿಕ್ಕಿತು. ಮೂರೂವರೆ ಇಂಚು, ಲ್ಯೂಕಾಸ್, ಬೋಲ್ಟ್ ತೂತು ಸರಿ, ಮೂತಿ ಸರಿ, ದಿಕ್ಕು ಸರಿ. ಯಾವ ಗಾಡಿಯದು ಅಂತ ಮಾರಿದವರಿಗೂ ಗೊತ್ತಿಲ್ಲ. ಬ್ಯಾಟರಿ ಕೊಟ್ಟು ತಿರುಗಿಸಿ ತೋರಿಸಿದರು, ಬುಗುರಿಯ ಹಾಗೆ ತಿರುಗಿತು. 2,200 ಕೊಟ್ಟು ಮಗು ಎತ್ತಿಕೊಂಡ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದೆ.

ಕೂರಿಸಿದೆ. ನಾಬ್ ಎಳೆದೆ. ‘ಟಣ್’. ನಿಶ್ಶಬ್ದ. ಮತ್ತೆ ಎಳೆದರೆ ಬರೀ ಲೈಟ್ ಮಂಕಾಗುತ್ತದೆ. ಪಿನಿಯನ್ ರಿಂಗಿಗೆ ಕಚ್ಚಿಕೊಂಡು ಸಿಕ್ಕಿಹಾಕಿಕೊಂಡಿತ್ತು. ಇಂಥ ಹೊತ್ತಿಗೆಂದೇ ಈ ಮೋಟರುಗಳ ಹಿಂದಿನ ತುದಿಯಲ್ಲಿ ಒಂದು ಸಣ್ಣ ತಗಡಿನ ಟೋಪಿ ಇರುತ್ತದೆ. ಅದನ್ನು ಕಿತ್ತರೆ ಶಾಫ್ಟಿನ ಚೌಕ ತುದಿ ಸಿಗುತ್ತದೆ, ಸ್ಪ್ಯಾನರ್ ಹಾಕಿ ತಿರುಗಿಸಿದರೆ ಪಿನಿಯನ್ ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಂಡಿತು. ಮತ್ತೆ ಎಳೆದೆ, ಮತ್ತೆ ಸಿಕ್ಕಿಕೊಂಡಿತು.

ಬೆಂಚಿನ ಮೇಲೆ ಖಾಲಿ ತಿರುಗಿದ್ದಕ್ಕೆ ಮರುಳಾಗಿದ್ದೆ. ಖಾಲಿ ತಿರುಗುವುದು ಯಾವ ಮೋಟರಿಗೂ ದೊಡ್ಡ ವಿಷಯವಲ್ಲ.

ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಇಟ್ಟಿರುವ ಪರಿಚಯದ ಅಣ್ಣ ಒಬ್ಬರಿದ್ದಾರೆ. ಅವರು ಫೋನಿನಲ್ಲೇ “ಹಲ್ಲು ಎಲ್ಲಿ ತಾಗ್ತಿದೆ ನೋಡು, ಬಣ್ಣ ಹಚ್ಚಿ” ಅಂದರು. ಲೇತಿನವರ ಬಳಿ ಅದಕ್ಕೆ ನೀಲಿ ಬಣ್ಣ ಇರುತ್ತದೆ. ನನ್ನ ಬಳಿ ಇರಲಿಲ್ಲ. ದೇವರ ಮನೆಯಿಂದ ಕುಂಕುಮ ತಂದು ಕೊಬ್ಬರಿ ಎಣ್ಣೆಯಲ್ಲಿ ಕಲಸಿದೆ. ತೂತಿನಿಂದ ಕಾಣುವ ರಿಂಗ್ ಹಲ್ಲುಗಳಿಗೆಲ್ಲ ತೆಳ್ಳಗೆ ಹಚ್ಚಿದೆ. ಅಮ್ಮ ಬಂದು “ಆಯುಧ ಪೂಜೆ ಇವತ್ತಲ್ವಲ್ಲೋ” ಅಂದರು. ಮೋಟರ್ ಕೂರಿಸಿ ಒಂದೇ ಸಲ ನಾಬ್ ಎಳೆದು, ಸ್ಪ್ಯಾನರಿನಲ್ಲಿ ಬಿಡಿಸಿ, ಹೊರಗೆ ತೆಗೆದು ನೋಡಿದೆ. ಕೆಂಪು ಹತ್ತಬೇಕಾದದ್ದು ಹಲ್ಲಿನ ಮಗ್ಗುಲಿಗೆ. ಹತ್ತಿದ್ದು ಎರಡು ಹಲ್ಲಿನ ನಡುವಿನ ಕಣಿವೆಯ ತಳಕ್ಕೆ. ಅಂದರೆ ರಿಂಗ್ ಹಲ್ಲಿನ ತುದಿ ಪಿನಿಯನ್ನಿನ ಬುಡಕ್ಕೆ ಹೋಗಿ ಒತ್ತಿ ನಿಲ್ಲುತ್ತಿದೆ. ನಡುವೆ ಉಸಿರಾಡಲು ಜಾಗವಿಲ್ಲ.

ಪಿನಿಯನ್ನಿನ ಹಲ್ಲು ಎಣಿಸಿದೆ. ಹತ್ತು.

ಚೀಟಿಯಲ್ಲಿ ‘ಪಿನಿಯನ್ 9’ ಅಂತ ನನ್ನದೇ ಕೈಬರಹದಲ್ಲಿ ಇತ್ತು. ಶಿವಾಜಿನಗರದಲ್ಲಿ ಎಲ್ಲ ಅಳೆದು, ಇದೊಂದನ್ನು ಎಣಿಸಿರಲಿಲ್ಲ. ಗ್ರೀಸ್ ಮೆತ್ತಿಕೊಂಡಿತ್ತು, ಕೈ ಕೊಳೆಯಾಗುತ್ತದೆ ಅಂತ ಬಿಟ್ಟಿದ್ದೆ. ಹಲ್ಲಿನ ಗಾತ್ರ ಒಂದೇ ಇದ್ದು ಒಂದು ಹಲ್ಲು ಜಾಸ್ತಿಯಾದರೆ ಪಿನಿಯನ್ನಿನ ಸುತ್ತಳತೆ ಅಷ್ಟು ದೊಡ್ಡದಾಗುತ್ತದೆ. ಬೋಲ್ಟ್ ತೂತು ಇದ್ದಲ್ಲೇ ಇರುತ್ತದೆ, ಶಾಫ್ಟ್ ಹಿಂದೆ ಸರಿಯಲು ಆಗುವುದಿಲ್ಲ. ಬರೀ ಮಿಲಿಮೀಟರಿನ ಲೆಕ್ಕ, ಅಷ್ಟಕ್ಕೇ ಇಡೀ ಇಂಜಿನ್ ಬೀಗ ಹಾಕಿದ ಹಾಗೆ.

ಲ್ಯೂಕಾಸಿನವರು ಒಂದೇ ಮೈಯ ಮೋಟರನ್ನು ಎಷ್ಟೋ ಗಾಡಿಗಳಿಗೆ ಕೊಟ್ಟಿದ್ದರು. ಮೈ ಒಂದೇ, ಮೂತಿಯ ಮುಂದಿನ ಸಾಮಾನು ಗಾಡಿಗೆ ತಕ್ಕ ಹಾಗೆ ಬೇರೆ. ಅದು ಹೊಳೆದಾಗ ಅರ್ಧ ಸಮಾಧಾನ ಆಯಿತು. ನನಗೆ ಬೇಕಾದದ್ದು ಇದರ ಮೈ. ಬೆಂಡಿಕ್ಸ್ ನಮ್ಮ ಹಳೇದರಲ್ಲೇ ಇದೆ, ಅದೇನೂ ಕೆಟ್ಟಿಲ್ಲ. ಶಾಫ್ಟಿನ ದಪ್ಪ ಅಳೆದೆ, ಎರಡೂ ಒಂದೇ. ಗೀರುಗಳೂ ಒಂದೇ. ತುದಿಯ ಸ್ಪ್ಲಿಟ್ ಪಿನ್ ತೆಗೆದು, ನಟ್ ಬಿಚ್ಚಿದೆ. ದಪ್ಪ ಸ್ಪ್ರಿಂಗ್ ಹಾರಿ ಮುಖಕ್ಕೆ ಹೊಡೆಯದ ಹಾಗೆ ಬಟ್ಟೆ ಸುತ್ತಿಕೊಂಡು ಎರಡರದ್ದೂ ಹೊರಗೆ ತೆಗೆದೆ. ಸ್ಪ್ರಿಂಗ್, ವಾಷರ್, ಸ್ಲೀವ್, ಪಿನಿಯನ್, ಕೊನೆಗೆ ಪಿನಿಯನ್ನನ್ನು ಹಿಂದಕ್ಕೆ ಹಿಡಿದಿಡುವ ತೆಳ್ಳನೆಯ ಸ್ಪ್ರಿಂಗ್. ತೆಗೆದ ಕ್ರಮದಲ್ಲೇ ಪೇಪರಿನ ಮೇಲೆ ಸಾಲಾಗಿ ಇಟ್ಟು ಫೋಟೋ ತೆಗೆದುಕೊಂಡೆ. ವಾಷರ್ ಹಿಂದು ಮುಂದಾದರೆ ಪಿನಿಯನ್ ನಿಲ್ಲುವ ಜಾಗ ಬದಲಾಗುತ್ತದೆ, ಇಂಜಿನ್ ಓಡುವಾಗ ರಿಂಗಿಗೆ ಉಜ್ಜುತ್ತದೆ.

ಬಿಚ್ಚಿದ ಮೇಲೆ ಒಳಗೂ ನೋಡಬೇಕಲ್ಲ. ಕಮ್ಯುಟೇಟರಿಗೆ ಒತ್ತಿಕೊಂಡು ಕರೆಂಟ್ ಕೊಡುವ ಬ್ರಷ್ ಉದ್ದ ಚೆನ್ನಾಗಿತ್ತು. ಸವೆದು 8 ಮಿಲಿಮೀಟರಿಗಿಂತ ಗಿಡ್ಡವಾಗಿದ್ದರೆ ಬದಲಿಸಬೇಕು. ಬುಷ್ ಎರಡೂ ಹೊಸದು ಹಾಕಿದೆ. ಇವು ಸಣ್ಣ ಸಣ್ಣ ರಂಧ್ರ ಇರುವ ಕಂಚಿನ ಬುಷ್, ಆಯಿಲ್ ಹೀರಿಕೊಳ್ಳುತ್ತವೆ. ಹಾಕುವ ಮುಂಚೆ 24 ಗಂಟೆ ತೆಳು ಇಂಜಿನ್ ಆಯಿಲಿನಲ್ಲಿ ನೆನೆ ಹಾಕಬೇಕು, ಉದ್ದಿನಬೇಳೆ ನೆನೆ ಹಾಕಿದ ಹಾಗೆ. ಲೇತ್ ಅಣ್ಣ ಶಾಫ್ಟಿನ ಅಳತೆಗೆ ಒಂದು ನುಣುಪಾದ ಕಡ್ಡಿ ಮಾಡಿಕೊಟ್ಟರು. ಅದರ ಮೇಲೆ ಬುಷ್ ಇಟ್ಟು ವೈಸಿನಲ್ಲಿ ಒತ್ತಿ ಕೂರಿಸಿದೆ. ಕೂರಿಸಿದ ಮೇಲೆ ರೀಮರ್ ಹಾಕಿ ದೊಡ್ಡದು ಮಾಡಬಾರದು, ರಂಧ್ರ ಮುಚ್ಚಿ ಹೋಗಿ ಆಯಿಲ್ ಬರುವುದಿಲ್ಲ. ಅಣ್ಣ ದುಡ್ಡು ತೆಗೆದುಕೊಳ್ಳಲಿಲ್ಲ. ನಮ್ಮೂರಿನ ತಟ್ಟೆ ಇಡ್ಲಿ ಆರು ಕಟ್ಟಿಸಿಕೊಂಡು ಹೋದರು.

ಕಮ್ಯುಟೇಟರ್ ವಿಷಯದಲ್ಲಿ ಭಾಯ್‌ಗೂ ನನಗೂ ಸಣ್ಣ ಜಗಳ ಆಯಿತು. ಅವರು ನುಣುಪಾದ ಗ್ಲಾಸ್ ಪೇಪರಿನಲ್ಲಿ ಉಜ್ಜಿ ಹೊಳಪು ಮಾಡಿದರು, ಸರಿ. ಆಮೇಲೆ ಹ್ಯಾಕ್ಸಾ ಬ್ಲೇಡ್ ಎತ್ತಿಕೊಂಡು ತಾಮ್ರದ ಪಟ್ಟಿಗಳ ನಡುವಿನ ಮೈಕಾ ತೋಡಲು ಹೊರಟರು. ನಾನು ಕೈ ಹಿಡಿದೆ. ಡೈನಮೋದಲ್ಲಿ ಹಾಗೆ ತೋಡಬೇಕು. ಈ ಸೆಲ್ಫುಗಳಲ್ಲಿ ತೋಡಬಾರದು. ಇದರ ಬ್ರಷ್‌ನಲ್ಲಿ ತಾಮ್ರ ಜಾಸ್ತಿ, ತೋಡಿದ ಗೀರಿನಲ್ಲಿ ಅದರ ಪುಡಿ ತುಂಬಿಕೊಂಡರೆ ಶಾರ್ಟ್. ತಾತ ಇಟ್ಟಿದ್ದ ಸರ್ವಿಸ್ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದೆ, ತೋರಿಸಿದೆ. ಭಾಯ್ ಕನ್ನಡಕ ಏರಿಸಿ ನೋಡಿದರು. “ನಲವತ್ತು ವರ್ಷದಿಂದ ತೋಡ್ತಾ ಇದೀನಿ ಸರ್, ಒಂದೂ ವಾಪಸ್ ಬಂದಿಲ್ಲ” ಅಂದರು. ಆದರೂ ಬ್ಲೇಡ್ ಕೆಳಗೆ ಇಟ್ಟರು.

ಕೂರಿಸುವ ಮುಂಚೆ ಇನ್ನೊಂದು ಕೆಲಸ ಬಾಕಿ ಇತ್ತು. ಈ ತೊಂದರೆಯ ನಡುವೆ ಒಂದು ದಿನ ನಾಬ್ ಎಳೆದಾಗ ಕೈ ಚುರ್ ಅಂದಿತ್ತು. ಪಕ್ಕದ ಚೋಕ್ ವೈರೂ ಬಿಸಿ. ಆವತ್ತು ಅರ್ಥವಾಗಿರಲಿಲ್ಲ. ಇಂಜಿನ್ ಕೂತಿರುವುದು ರಬ್ಬರ್ ಮೇಲೆ. ಇಂಜಿನ್ನಿಗೂ ಬಾಡಿಗೂ ನಡುವೆ ಕರೆಂಟ್ ಹಾಯಲು ಹೆಣೆದ ತಾಮ್ರದ ಒಂದು ಪಟ್ಟಿ ಇದೆ, ಅರ್ಥ್ ಸ್ಟ್ರಾಪ್. ಅದು ಕೊಳೆತಿದ್ದರೆ ಸೆಲ್ಫಿನ ನೂರಾರು ಆಂಪಿಯರ್ ಕರೆಂಟು ಸಿಕ್ಕ ದಾರಿ ಹಿಡಿಯುತ್ತದೆ. ಚೋಕ್ ವೈರು, ಸ್ಟಾರ್ಟರ್ ನಾಬಿನ ವೈರು, ಇಂಜಿನ್ನಿಗೆ ತಾಗಿದ ಯಾವ ಲೋಹದ ಎಳೆಯಾದರೂ ಸರಿ. ಕೆಳಗೆ ನುಗ್ಗಿ ನೋಡಿದೆ. ಪಟ್ಟಿ ಹಸಿರು ಹಿಡಿದು ನಾಲ್ಕೈದು ಎಳೆಯಲ್ಲಿ ನೇತಾಡುತ್ತಿತ್ತು. ಮುಟ್ಟಿದ ಕೂಡಲೇ ಕೈಗೆ ಬಂತು. ಹೊಸದು 180 ರೂಪಾಯಿ. ಎರಡೂ ತುದಿಯಲ್ಲಿ ಪೇಂಟ್ ಕೆರೆದು, ಕಬ್ಬಿಣ ಹೊಳೆಯುವ ಹಾಗೆ ಮಾಡಿ ಬಿಗಿದೆ. ಹಳೇ ಮೋಟರ್ ಅಷ್ಟು ಬೇಗ ಸಾಯಲು ಇದೂ ಒಂದು ಕಾರಣ ಇರಬೇಕು. ಕರೆಂಟ್ ಸಾಲದೆ ಎಷ್ಟು ಕಾಲ ಒದ್ದಾಡಿತ್ತೋ.

ಹೊಸ ಮೈ, ಹಳೇ ಬೆಂಡಿಕ್ಸ್. ಕೂರಿಸಿದೆ. ಕೆಳಗಿನ ಬೋಲ್ಟ್ ಈಗ ಆರು ನಿಮಿಷ. ಮತ್ತೆ ಕುಂಕುಮ ಹಚ್ಚಿ ನೋಡಿದೆ, ಈ ಸಲ ಕೆಂಪು ಹಲ್ಲಿನ ಮಗ್ಗುಲ ಮಧ್ಯಕ್ಕೆ ಹತ್ತಿತ್ತು. ಬ್ಯಾಟರಿಗೆ ಮೀಟರ್ ಕೊಟ್ಟು ಅಪ್ಪನ ಕೈಗೆ ಇಟ್ಟೆ. ಕಾಯಿಲ್ ವೈರ್ ಕಿತ್ತು, ಇಂಜಿನ್ ಹತ್ತದ ಹಾಗೆ ಮಾಡಿ ನಾಬ್ ಎಳೆದೆ. ‘ಟಣ್’, ಹಿಂದೆಯೇ ‘ರುಂ ರುಂ ರುಂ ರುಂ’. ತಗಡಿನ ಶೆಡ್ಡು ಅದುರಿತು. ಅಪ್ಪ “ಹತ್ತೂ ನಾಲ್ಕು” ಅಂದರು. ಸೆಲ್ಫ್ ಎಳೆಯುವಾಗ 12 ವೋಲ್ಟಿನ ಬ್ಯಾಟರಿ 10ರ ಮೇಲೆ ನಿಂತರೆ ಸಾಕು. ಮೀಟರಿನ ಒಂದು ಕಡ್ಡಿ ಇಂಜಿನ್ನಿಗೆ, ಇನ್ನೊಂದು ಬಾಡಿಗೆ ಮುಟ್ಟಿಸಿ ಮತ್ತೆ ಎಳೆದೆ. ಸೊನ್ನೆಯ ಹತ್ತಿರ. ಸ್ಟ್ರಾಪ್ ಸರಿಯಾಗಿದೆ. ನಾಬ್ ಮುಟ್ಟಿ ನೋಡಿದೆ, ತಣ್ಣಗಿತ್ತು.

ಕಾಯಿಲ್ ವೈರ್ ಹಾಕಿ ಎಳೆದಾಗ ಎರಡನೇ ಸುತ್ತಿಗೇ ಹತ್ತಿಕೊಂಡಿತು. ಭಾನುವಾರ ದೇವರಾಯನದುರ್ಗ ಹತ್ತಿಸಿ, ಮೇಲೆ ಬಿಸಿ ಇಂಜಿನ್ ಆಫ್ ಮಾಡಿ ಮೂರು ಸಲ ಸ್ಟಾರ್ಟ್ ಮಾಡಿ ನೋಡಿದೆವು. ಬಿಸಿಯಲ್ಲಿ ಒಂದು ಸಲ ಸ್ವಲ್ಪ ಸೋಮಾರಿತನ ತೋರಿಸಿತು, ಅಷ್ಟೇ. ಅದು ಸ್ಪಾರ್ಕಿನ ಟೈಮಿಂಗ್ ಮುಂದಿರುವುದಕ್ಕೋ ಏನೋ, ಈ ವಾರ ಡಿಸ್ಟ್ರಿಬ್ಯೂಟರ್ ನೋಡಬೇಕು.

ಇಸುಝು ಮೋಟರನ್ನು ಗುಬ್ಬಿಯ ಒಬ್ಬ ಟ್ಯಾಕ್ಸಿಯವರು 2,000ಕ್ಕೆ ತೆಗೆದುಕೊಂಡು ಹೋದರು. ಅದು ಅವರ ಗಾಡಿಗೆ ಸರಿಯಾಗಿ ಕೂತಿದೆಯಂತೆ. ಹತ್ತು ಹಲ್ಲಿನ ಪಿನಿಯನ್ನನ್ನೂ ನಮ್ಮ ಹಳೇ ಆರ್ಮೇಚರನ್ನೂ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಡೀಸೆಲ್ ಮೋಟರ್ ಇನ್ನೂ ಶೆಡ್ಡಿನ ಬಾಗಿಲಿಗೆ ಗಾಳಿ ಬೀಸದಂತೆ ಒತ್ತು ಕೊಟ್ಟುಕೊಂಡು ಕೂತಿದೆ. ಬೇಕಾದವರು ಬಂದು ತೆಗೆದುಕೊಂಡು ಹೋಗಬಹುದು. ನಿಮ್ಮ ರಿಂಗಿನ ಹಲ್ಲು ಎಣಿಸಿಕೊಂಡು ಬನ್ನಿ, ಇದರ ಪಿನಿಯನ್ನನ್ನು ಇಲ್ಲೇ ಎಣಿಸೋಣ.